ಲಿಂಗಾಂಬುಧಿ ಕೆರೆಯಲ್ಲಿ ಬೋಟಿಂಗ್ ಇಲ್ಲ, ಸದ್ಯ!

ಮೈಸೂರಿಗೆ ಬರೋ ಸ್ನೇಹಿತರ ಲಿಸ್ಟ್ ಯಾವಾಗ್ಲೂ ಒಂದೇ: ಅರಮನೆ, ಝೂ, ಚಾಮುಂಡಿ ಬೆಟ್ಟ, ಮೈಲಾರಿ ದೋಸೆ. ಅದಕ್ಕೆ ನಾನು ಇನ್ನೊಂದು ಸೇರಿಸ್ತೀನಿ: ಶ್ರೀರಾಂಪುರದ ಲಿಂಗಾಂಬುಧಿ ಕೆರೆ. ಹತ್ತಿರದ ಯಾವುದಾದ್ರೂ ಹೋಂಸ್ಟೇಯಲ್ಲಿ ರಾತ್ರಿ ಉಳಿದರೆ ಬೆಳಿಗ್ಗೆ ನಡೆದೇ ಹೋಗಬಹುದು.

1828ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ರಾಣಿ ಲಿಂಗಾಜಮ್ಮಣ್ಣಿಯವರ ಹೆಸರಿನಲ್ಲಿ ಕಟ್ಟಿಸಿದ ಕೆರೆ ಇದು. ಅಂಬುಧಿ ಅಂದ್ರೆ ಸಮುದ್ರ. ಈಗ ಸುತ್ತಲೂ ಬಡಾವಣೆಗಳ ಸಮುದ್ರ! ಕೆರೆ ಮತ್ತು ಅದರ ಸುತ್ತಲಿನ ಮರಗಳು ಅರಣ್ಯ ಇಲಾಖೆಯ ಉಸ್ತುವಾರಿಯಲ್ಲಿವೆ. ಮರಗಳ ನಡುವೆ ಮಣ್ಣಿನ ದಾರಿ. ಹೆಜ್ಜಾರ್ಲೆ, ನೀರುಕಾಗೆ, ಮಿಂಚುಳ್ಳಿ, ಜಂಬುಕೋಳಿಗಳಿಗೆ ಇದೇ ಮನೆ. ಚಳಿಗಾಲದಲ್ಲಿ ವಲಸೆ ಬಾತುಗಳೂ ಬರುತ್ತವೆ.

ಕಳೆದ ಜನವರಿಯಲ್ಲಿ ಬೆಂಗಳೂರಿನಿಂದ ಬಂದಿದ್ದ ಸಹೋದ್ಯೋಗಿ ದಡದ ಕೆಸರು, ಜೊಂಡು ನೋಡಿ, "ಇದನ್ನೆಲ್ಲ ಕ್ಲೀನ್ ಮಾಡಿ, ಕಲ್ಲು ಕಟ್ಟಿ, ಬೋಟಿಂಗ್ ಇಟ್ರೆ ಸೂಪರ್ ಆಗಿರುತ್ತಲ್ಲ ಮಗಾ?" ಅಂದ. ನಾನು ಬೈನಾಕ್ಯುಲರ್ ಅವನ ಕೈಗಿಟ್ಟೆ.

ಮೊಣಕಾಲುದ್ದ ನೀರಲ್ಲಿ ಬಣ್ಣದ ಕೊಕ್ಕರೆಯೊಂದು ಕೊಕ್ಕನ್ನು ಅರೆತೆರೆದು, ನೀರೊಳಗೆ ಅದ್ದಿ, ಅತ್ತಿತ್ತ ಆಡಿಸ್ತಿತ್ತು. ಈ ಹಕ್ಕಿ ಮೀನನ್ನು ಕಣ್ಣಿಂದ ಹುಡುಕೋದಕ್ಕಿಂತ ಹೆಚ್ಚಾಗಿ ಸ್ಪರ್ಶದಿಂದ ಹಿಡಿಯುತ್ತೆ. ಮೀನು ತಾಗಿದ ಕ್ಷಣವೇ ಕೊಕ್ಕು ಮುಚ್ಚುತ್ತೆ. ಅದಕ್ಕೆ ಬೇಕಿರೋದು ಕಾಲೂರಿ ನಿಲ್ಲುವಷ್ಟು ಕಡಿಮೆ ಆಳದ ನೀರು. ಜಂಬುಕೋಳಿ ಗೂಡು ಕಟ್ಟೋದು ಜೊಂಡಿನ ಮರೆಯಲ್ಲಿ. ದಡಕ್ಕೆ ನೇರವಾಗಿ ಕಲ್ಲು ಕಟ್ಟಿ, ಅಂಚು ಆಳ ಮಾಡಿದ್ರೆ ನೋಟ ನೀಟಾಗುತ್ತೆ, ಕೊಕ್ಕರೆಗೆ ನಿಲ್ಲೋಕೆ ಜಾಗ ಇರಲ್ಲ. ನಾವು 'ಗಲೀಜು' ಅನ್ನೋದೇ ಅವುಗಳ ಅಡುಗೆಮನೆ, ಬಾಣಂತಿ ಕೋಣೆ ಎರಡೂ.

ಇಪ್ಪತ್ತು ನಿಮಿಷ ಅವನು ಬೈನಾಕ್ಯುಲರ್ ವಾಪಸ್ ಕೊಡಲಿಲ್ಲ. ಬೋಟಿಂಗ್ ಮಾತೂ ಎತ್ತಲಿಲ್ಲ.

ವಾರವಿಡೀ ಸ್ಕ್ರೀನ್ ಮುಂದೆ ಕೂರೋ ನಮಗೆ ಇಂಥ ಜಾಗ ಬೇಕೇ ಬೇಕು. ಆದರೆ ಹೋದಲ್ಲೆಲ್ಲ ಕೆಫೆ, ಸೆಲ್ಫಿ ಪಾಯಿಂಟ್ ಕೇಳ್ತಾ ಹೋದ್ರೆ, ಯಾವುದನ್ನ ನೋಡೋಕೆ ಬಂದ್ವೋ ಅದೇ ಹಾರಿಹೋಗುತ್ತೆ.

ನೀವೂ ಬನ್ನಿ. ಬೆಳಿಗ್ಗೆ ಬೇಗ, ಇಲ್ಲಾ ಸಂಜೆ. ಬ್ಲೂಟೂತ್ ಸ್ಪೀಕರ್ ರೂಮಲ್ಲೇ ಇರಲಿ. ಬ್ರೆಡ್ಡು, ಚಿಪ್ಸು ಹಾಕಬೇಡಿ: ಉಳಿದ ತಿಂಡಿಗೆ ಬೀದಿನಾಯಿ ಬರುತ್ತೆ, ಅದರ ಬಾಯಿಗೆ ನೆಲದ ಗೂಡಿನ ಮೊಟ್ಟೆ ಸಿಗುತ್ತೆ. ತಂದ ಬಾಟಲಿ ವಾಪಸ್ ಒಯ್ಯಿರಿ. ಆಮೇಲೆ ಮೈಲಾರಿ ದೋಸೆ ಇದ್ದೇ ಇದೆಯಲ್ಲ!