ರಾಜಮಹೇಂದ್ರಿಯ ಲೇಖನಿಗಳು

ನಾವು ರಾಜಮಹೇಂದ್ರಿಗೆ ಹೊರಟುದು ಗೋದಾವರಿಯ ಸ್ನಾನಕ್ಕೆಂದು; ಆದರೆ ನಮ್ಮ ಕೈಚೀಲದಲ್ಲಿ ತೀರ್ಥರೂಪರ ಹಳೆಯ ಫೌಂಟನ್ ಪೆನ್ನೂ ಇದ್ದಿತು. ಮನೆಯ ಲೆಕ್ಕವನ್ನೂ ನಮ್ಮ ಜಾತಕವನ್ನೂ ಅವರು ಬರೆದಿಟ್ಟುದು ಅದರಿಂದಲೇ. ಈಗ ಅದು ಬರೆಯುವುದಕ್ಕಿಂತ ಹೆಚ್ಚಾಗಿ ಸೋರುತ್ತಿದ್ದಿತು. ರೈಲು ಕೊವ್ವೂರನ್ನು ಬಿಟ್ಟು ನದಿಯ ಮೇಲೆ ಬಂದಾಗ, 1900ರಲ್ಲಿ ಮುಗಿದು 1997ರಲ್ಲಿ ಬಿಡುವು ಪಡೆದ ಹಳೆಯ ಸೇತುವೆಯನ್ನು ಕಂಡೆವು.

ಈ ಊರಿಗೂ ಪೆನ್ನಿಗೂ ನಂಟು ಬೆಳೆದುದು ಸ್ವದೇಶೀ ಚಳವಳಿಯ ದಿನಗಳಲ್ಲಿ. ಮಹಾತ್ಮಾ ಗಾಂಧಿಯವರ ಪ್ರೇರಣೆಯಿಂದ ಕೆ. ವಿ. ರತ್ನಂ ಅವರು 1930ರ ದಶಕದಲ್ಲಿ ಇಲ್ಲಿ ದೇಶೀ ಪೆನ್ನುಗಳನ್ನು ಮಾಡತೊಡಗಿದರು. 1935ರಲ್ಲಿ ಗಾಂಧಿಯವರು ಅದನ್ನು ಬಳಸಿ ನೋಡಿ ಮೆಚ್ಚುಗೆಯ ಕಾಗದವನ್ನು ಬರೆದರು.

ನಾವು ಹೋದುದು ಬೇರೊಬ್ಬ ವೃದ್ಧ ಕುಶಲಿಯ ಚಿಕ್ಕ ಅಂಗಡಿಗೆ. ಲೇತಿನ ಮೇಲೆ ಎಬೊನೈಟಿನ ಸರಳು ತಿರುಗುತ್ತಿದ್ದಿತು. ಕಪ್ಪು ಸುರುಳಿಗಳು ಉದುರುತ್ತಿದ್ದವು. ಗಂಧಕದ ವಾಸನೆ ಮೂಗಿಗೆ ಬಡಿಯಿತು. ರಬ್ಬರಿಗೆ ಗಂಧಕವನ್ನು ಹೆಚ್ಚಾಗಿ ಬೆರಸಿ ಬೇಯಿಸಿದರೆ ಈ ಗಟ್ಟಿ ವಸ್ತುವಾಗುತ್ತದೆ. ಬಿಸಿಲಿಗೆ ಬಿದ್ದು ಬಿದ್ದು ಅದರ ಕಪ್ಪು ಕಾಫಿಯ ಬಣ್ಣಕ್ಕೆ ತಿರುಗುವುದುಂಟು. ನಮ್ಮ ಪೆನ್ನೂ ಹಾಗೆಯೇ ಆಗಿದ್ದಿತು.

ಹಳೆಯ ಬಗೆಯ ಇಂತಹ ಪೆನ್ನಿನಲ್ಲಿ ಒಡಲೆಲ್ಲವೂ ಮಸಿಯ ಕುಡಿಕೆ. ಪಿಳ್ಳಿಯಿಂದ ಒಮ್ಮೆ ತುಂಬಿದರೆ ಹಲವು ದಿನಗಳಿಗೆ ಸಾಕು. ಆದರೆ ಮಸಿ ಕಡಮೆಯಾದಾಗ ಅಂಗೈಯ ಕಾವಿಗೆ ಒಳಗಣ ಗಾಳಿ ಹಿಗ್ಗಿ, ಕಾಗದದ ಮೇಲೆ ತೊಟ್ಟಿಕ್ಕುತ್ತದೆ. ನಮ್ಮ ಅಂಗಿಗಳೇ ಇದಕ್ಕೆ ಸಾಕ್ಷಿ! ಹೊಸ ಪೆನ್ನಿನಲ್ಲಿ ತಿರುಪಿ ಮಸಿಯನ್ನೆಳೆಯುವ ಸಣ್ಣ ಕೊಳವೆಯಿದೆ. ಅದು ಹಿಡಿಸುವ ಮಸಿ ಸ್ವಲ್ಪ, ಆದರೆ ಜೇಬಿಗೆ ಭಯವಿಲ್ಲ. ಪ್ಲಾಸ್ಟಿಕ್ಕಿನ ಮೈ ಅಷ್ಟು ಬೇಗ ಮಾಸುವುದೂ ಇಲ್ಲ. ಇನ್ನು ನಿಬ್ಬು: ಹಿಂದೆ ಚಿನ್ನದ ನಿಬ್ಬನ್ನು ಬಯಸುತ್ತಿದ್ದುದು ಬರಿಯ ಬೆಡಗಿಗಲ್ಲ, ಹುಳಿಯುಳ್ಳ ಮಸಿಗೆ ಅದು ಸವೆಯದು. ಈಗಿನ ತುಕ್ಕುಹಿಡಿಯದ ಉಕ್ಕು ಆ ಕೆಲಸವನ್ನು ಅಗ್ಗವಾಗಿ ಮಾಡುತ್ತದೆ. ಈ ಮಾತಿನಲ್ಲಿ ನಾವು ಹೊಸದರ ಪಕ್ಷ.

ಮುದುಕರು ನಮ್ಮ ಪೆನ್ನನ್ನು ಬಿಚ್ಚಿ ತೊಳೆದು, ನಿಬ್ಬಿನ ಕೆಳಗಿನ ನಾಲಗೆಯನ್ನು ಬಿಸಿನೀರಿನಲ್ಲಿ ಮೆದುಮಾಡಿ ಒತ್ತಿ ಕೂಡಿಸಿದರು. "ಉಜ್ಜಿ ಕೊಡಲೆ? ಕಾಡಿಗೆಯಂತಾಗುತ್ತದೆ" ಎಂದು ತಮ್ಮ ತೆಲುಗಿನಲ್ಲಿ ಕೇಳಿದರು. ಆಗಲೆಂದೆವು. ಅವರು ಪೆನ್ನನ್ನು ಲೇತಿಗೆ ಹಿಡಿದವರು ಹಾಗೆಯೇ ತೆಗೆದು, ಒಡಲ ಮೇಲೆ ಹೆಬ್ಬೆರಳನ್ನಾಡಿಸಿದರು. ತೀರ್ಥರೂಪರ ಹೆಸರನ್ನು ಅಲ್ಲಿ ಕೊರೆದಿದ್ದರು. ಅಕ್ಷರಗಳು ಆಗಲೇ ಅರ್ಧ ಸವೆದಿದ್ದವು.

"ಹೆಸರು ಉಳಿಯುವುದಿಲ್ಲ ಸ್ವಾಮೀ," ಎಂದರು.

ನಾವು ಕೈಚಾಚಿ ಪೆನ್ನನ್ನು ಹಿಂದಕ್ಕೆ ತೆಗೆದುಕೊಂಡೆವು. ಮಗನಿಗಾಗಿ ತಿರುಪಿನ ಕೊಳವೆಯ ಹೊಸತೊಂದನ್ನು ಕೊಂಡೆವು. ಹೆಸರು ಕೊರೆಯಬೇಕೆ ಎಂದು ಮುದುಕರು ಕೇಳಿದಾಗ, ಸ್ವಲ್ಪ ಆಳವಾಗಿಯೇ ಕೊರೆಯಿರೆಂದೆವು.

ಆ ರಾತ್ರಿ ಛತ್ರದಲ್ಲಿ ಕುಳಿತು ಮನೆಗೆ ಕಾಗದ ಬರೆದುದು ಕಂದಿದ ಪೆನ್ನಿನಿಂದಲೇ. ಎರಡು ಪುಟಕ್ಕೆ ಒಂದೇ ತೊಟ್ಟು ಬಿದ್ದಿತು.