ಹಿಡಿದದ್ದನ್ನು ಬಿಡುವಾಗ

ಕಳೆದ ತಿಂಗಳು ಪುಣೆಯ ಮನೆಯಲ್ಲಿ ರಾತ್ರಿ ಕೂತು ಲಿನಕ್ಸ್ ಕರ್ನಲ್‌ನ ಡ್ರೈವರೊಂದರ ಪ್ಯಾಚ್ ಪರಿಶೀಲಿಸುತ್ತಿದ್ದೆ. ಮೆಮೊರಿ ಪೇಜನ್ನು ‘ಗೆಟ್’ ಬದಲು ‘ಪಿನ್’ ಮಾಡಿ ಹಿಡಿಯುವುದು, ‘ಪುಟ್’ ಬದಲು ‘ಅನ್‌ಪಿನ್’ ಮಾಡಿ ಬಿಡುವುದು, ಇಷ್ಟೇ ಬದಲಾವಣೆ. ಸರಿಯಿದೆ ಎಂದು ಬರೆಯುವವನಿದ್ದೆ.

ಪ್ರತಿ ಪೇಜಿಗೂ ಅದನ್ನು ಹಿಡಿದವರ ಲೆಕ್ಕವಿರುತ್ತದೆ. ಸೊನ್ನೆಗಿಳಿದರೆ ಮಾತ್ರ ಕರ್ನಲ್ ಅದನ್ನು ಇನ್ನೊಬ್ಬರಿಗೆ ಕೊಡುತ್ತದೆ. ಒಂದು ಸಲ ಹೆಚ್ಚು ಬಿಟ್ಟರೆ ಬೇರೆಯವರ ಪೇಜಿನ ಮೇಲೆ ನಾವು ಗೀಚುತ್ತೇವೆ. ಬಿಡಲು ಮರೆತರೆ ಅದು ಯಾರಿಗೂ ಸಿಗುವುದಿಲ್ಲ.

ಎಂಟು ಪೇಜ್ ಕೇಳಿ ಐದೇ ಸಿಕ್ಕರೆ? ಆಗ ಕೋಡ್ ಹಿಡಿಯುವ ದಾರಿಯನ್ನು ನೋಡಿದೆ. ಅಲ್ಲಿ ಹಳೆಯ ‘ಪುಟ್’ ಹಾಗೇ ಉಳಿದಿತ್ತು. ಒಂಟಿ ಪೇಜನ್ನು ಪಿನ್ ಮಾಡಿದರೆ ಲೆಕ್ಕ 1024 ಏರುತ್ತದೆ. ‘ಪುಟ್’ ಇಳಿಸುವುದು ಒಂದನ್ನೇ. 1023 ಉಳಿದು ಪೇಜ್ ಮರಳುವುದೇ ಇಲ್ಲ.

ಅಂದಿನಿಂದ ಯಾವ ಪ್ಯಾಚನ್ನೂ ಕೆಲಸ ಕೆಡುವ ದಾರಿಯಿಂದಲೇ ಓದಲು ಶುರುಮಾಡುತ್ತೇನೆ.