ಎರಡು ಡಬ್ಬಿ ಟರ್ನಿಪ್

1884ರ ಜುಲೈ 5ರಂದು ಮಿನ್ಯೊನೆಟ್ ಎಂಬ ಸಣ್ಣ ಹಾಯಿನೌಕೆ ದಕ್ಷಿಣ ಅಟ್ಲಾಂಟಿಕ್‌ನಲ್ಲಿ ಮುಳುಗಿತು. ಆ ಸುದ್ದಿ ನನಗೆ ಸಿಕ್ಕಿದ್ದು ತೀರ್ಥಹಳ್ಳಿ ಕಡೆಯ ಅಜ್ಜನ ಮನೆಯ ಬಚ್ಚಲಲ್ಲಿ. ಮಲೆನಾಡಿನ ಮಳೆಗಾಲದ ಹರಟೆಯೆಲ್ಲ ಬಚ್ಚಲ ಒಲೆಯ ಮುಂದೆಯೇ ತಾನೆ. ಹಂಡೆಯಲ್ಲಿ ನೀರು ಕಾಯುತ್ತಿತ್ತು, ಗಳದ ಮೇಲೆ ಒದ್ದೆ ಕಂಬಳಿ ಹಬೆಯಾಡುತ್ತಿತ್ತು, ನಾವು ಹುಡುಗರು ಬಿಸಿ ಬೂದಿಯಲ್ಲಿ ಹಲಸಿನ ಬೇಳೆ ಹುಗಿದು ಅದು ಚಟ್ಟೆನ್ನುವುದನ್ನೇ ಕಾಯುತ್ತಿದ್ದೆವು. ಭೂತದ ಕತೆ ಹೇಳಿ ಎಂದು ವಕೀಲ ಮಾವನಿಗೆ ದುಂಬಾಲು ಬಿದ್ದರೆ, "ಭೂತಗೀತ ಎಲ್ಲ ಸುಳ್ಳು ಮಾರಾಯ. ಕೋರ್ಟಿನಲ್ಲಿ ನಡೆದದ್ದು ಹೇಳ್ತೀನಿ ಕೇಳಿ" ಎಂದರು.

ನೌಕೆಯಲ್ಲಿದ್ದವರು ನಾಲ್ವರು. ಕ್ಯಾಪ್ಟನ್ ಡಡ್ಲಿ, ಸ್ಟೀಫನ್ಸ್, ಬ್ರೂಕ್ಸ್, ಮತ್ತೆ 17 ವರ್ಷದ ಹುಡುಗ ರಿಚರ್ಡ್ ಪಾರ್ಕರ್. ಇಂಗ್ಲೆಂಡಿನಿಂದ ಸಿಡ್ನಿಗೆ ನೌಕೆ ಮುಟ್ಟಿಸಲು ಹೊರಟವರು, ಬಿರುಗಾಳಿಗೆ ಸಿಕ್ಕಿ ಪುಟ್ಟ ದೋಣಿಯೊಂದಕ್ಕೆ ಹಾರಿಕೊಂಡರು. ಕೈಗೆ ಸಿಕ್ಕ ಆಹಾರ ಎರಡು ಡಬ್ಬಿ ಟರ್ನಿಪ್. ಕುಡಿಯುವ ನೀರು ಹನಿಯೂ ಇಲ್ಲ.

"ಟರ್ನಿಪ್ ಅಂದ್ರೆ?"

"ಮೂಲಂಗಿ ಥರದ್ದೊಂದು ಗಡ್ಡೆ ಕಣೋ."

ಅಲ್ಲಿಗೆ ನಾವು ಲೆಕ್ಕಕ್ಕೆ ಬಿದ್ದೆವು. ಎರಡು ಡಬ್ಬಿ, ನಾಲ್ಕು ಬಾಯಿ. ದಿನಕ್ಕೆ ಎಷ್ಟು ಚೂರು? ನಾನಾಗಿದ್ದರೆ ಮೊದಲ ದಿನ ಮುಟ್ಟುತ್ತಲೇ ಇರಲಿಲ್ಲ ಎಂದು ಒಬ್ಬ, ಮುಗಿಸಿಬಿಡುತ್ತಿದ್ದೆ ಎಂದು ಇನ್ನೊಬ್ಬ. ಮಾವ ತೀರ್ಪಿನಲ್ಲಿದ್ದ ಹಾಗೇ ಹೇಳುತ್ತಾ ಹೋದರು. ಮೂರು ದಿನ ಬರೀ ಟರ್ನಿಪ್. ನಾಲ್ಕನೇ ದಿನ ಒಂದು ಸಣ್ಣ ಆಮೆ ಸಿಕ್ಕಿತು. 12ನೇ ದಿನಕ್ಕೆ ಅದೂ ಖಾಲಿ. ಆಗೊಮ್ಮೆ ಈಗೊಮ್ಮೆ ಬಿದ್ದ ಮಳೆಯನ್ನು ಮೇಲಂಗಿ ಹರಡಿ ಹಿಡಿದು ಕುಡಿದರು. ನಮ್ಮ ಹಿತ್ತಿಲಲ್ಲೋ ಸೂರಿನ ನೀರು ಧೋ ಎಂದು ಸುರಿದು ಹರಿದುಹೋಗುತ್ತಿತ್ತು.

"ಉಣ್ಣೋ ಹೊತ್ತಲ್ಲಿ ಎಂಥಾ ಕತೆನೋ ಇದು! ಬೇಗ ಒಂದು ಹಡಗು ಬರಿಸು ಅತ್ಲಾಗೆ" ಎಂದರು ಅಜ್ಜಿ.

"ಈಗ್ಲೇ ಬೇಡ ಅಜ್ಜಿ!" ಎಂದು ಕೂಗಿದ ನಮ್ಮಲ್ಲೇ ಚಿಕ್ಕವನು.

ಸಮುದ್ರದ ದುರಂತಗಳನ್ನು ಆಮೇಲೆ ನಾನು ಹುಡುಕಿ ಹುಡುಕಿ ಓದಿದ್ದೇನೆ. ಧೈರ್ಯ, ಛಲ, ಮನುಷ್ಯನ ತಾಳ್ಮೆ ಎಂದೆಲ್ಲ ಸಮಜಾಯಿಷಿ ಕೊಡುವುದುಂಟು, ನಾಲ್ಕು ಜನರ ಮುಂದೆ ಮರ್ಯಾದೆಯ ಮಾತು ಅದು. ಆದರೆ ಓದುವಾಗ ಒಳಗೆ ಕೂಗುವವನು ಆ ಹುಡುಗನೇ. ಹಡಗು ಬರಲಿ, ಆದರೆ ಇನ್ನೂ ಸ್ವಲ್ಪ ತಡವಾಗಿ. 1820ರಲ್ಲಿ ಪೆಸಿಫಿಕ್‌ನಲ್ಲಿ ಎಸೆಕ್ಸ್ ಎಂಬ ತಿಮಿಂಗಿಲ ಬೇಟೆಯ ಹಡಗನ್ನು ತಿಮಿಂಗಿಲವೇ ಗುದ್ದಿ ಮುಳುಗಿಸಿತು. 20 ಜನ ಮೂರು ದೋಣಿಗಳಲ್ಲಿ ಉಳಿದರು. ಹತ್ತಿರದ ದ್ವೀಪಗಳಲ್ಲಿ ನರಭಕ್ಷಕರಿದ್ದಾರೆಂಬ ಭಯಕ್ಕೆ ದೂರದ ದಕ್ಷಿಣ ಅಮೆರಿಕದತ್ತ ಹೊರಟರು, ಕೊನೆಗೆ ತಮ್ಮವರನ್ನೇ ತಿಂದರು. ಆ ಪುಟಗಳಿಗೆ ಬರುವಾಗ, ಹೇಳಲು ನಾಚಿಕೆ, ನಾನು ಕಾಫಿ ಮಾಡಿಕೊಂಡು ಬಂದು ಕೂತಿದ್ದೆ. ಇನ್ನೂ ವಿಚಿತ್ರವೆಂದರೆ, ಮಿನ್ಯೊನೆಟ್ ಮುಳುಗುವುದಕ್ಕೆ 46 ವರ್ಷ ಮೊದಲೇ ಎಡ್ಗರ್ ಅಲನ್ ಪೋ ಬರೆದ ಕಾದಂಬರಿಯಲ್ಲಿ, ಹಸಿದ ಸಂಗಾತಿಗಳು ಕೊಂದು ತಿನ್ನುವ ನಾವಿಕನ ಹೆಸರೂ ರಿಚರ್ಡ್ ಪಾರ್ಕರ್! 'ಲೈಫ್ ಆಫ್ ಪೈ' ಸಿನಿಮಾ ನೋಡಿದವರಿಗೆ ಅದರ ಹುಲಿಯ ಹೆಸರು ನೆನಪಿರಬಹುದು.

ಮಾವನ ಕತೆಯಲ್ಲಿ ಹುಡುಗ ಉಪ್ಪುನೀರು ಕುಡಿದು ನಿತ್ರಾಣನಾಗಿ ದೋಣಿಯ ತಳದಲ್ಲಿ ಬಿದ್ದಿದ್ದ. ನಮಗಾದರೆ ಹೆಂಡತಿ ಮಕ್ಕಳಿದ್ದಾರೆ ಎಂದು ಡಡ್ಲಿ ಮತ್ತು ಸ್ಟೀಫನ್ಸ್ ಮಾತಾಡಿಕೊಂಡರು. ಬ್ರೂಕ್ಸ್ ಒಪ್ಪಲಿಲ್ಲ. 20ನೇ ದಿನ ಡಡ್ಲಿ ದೇವರಲ್ಲಿ ಕ್ಷಮೆ ಬೇಡಿ, ಹುಡುಗನ ಕುತ್ತಿಗೆಗೆ ಚಾಕು ಹಾಕಿದ. ಮೂವರೂ ತಿಂದರು. ನಾಲ್ಕೇ ದಿನಕ್ಕೆ ಹಡಗು ಬಂತು.

ಈಗಲೇ ಬೇಡ ಎಂದವನು ಬೇಳೆ ಸುಲಿಯುವುದನ್ನು ನಿಲ್ಲಿಸಿದ್ದ.

ಊರು ತಲುಪಿದ ಡಡ್ಲಿ ಏನನ್ನೂ ಮುಚ್ಚಿಡಲಿಲ್ಲ. ಕಡಲಿನ ಪದ್ಧತಿಯೇ ಇದು ಎಂಬ ನಂಬಿಕೆ. ಕೋರ್ಟು ಒಪ್ಪಲಿಲ್ಲ. ಪ್ರಾಣ ಉಳಿಸಿಕೊಳ್ಳಲು ನಿರಪರಾಧಿಯ ಪ್ರಾಣ ತೆಗೆಯುವ ಹಕ್ಕಿಲ್ಲವೆಂದು ಇಬ್ಬರಿಗೂ ಮರಣದಂಡನೆ ವಿಧಿಸಿತು, ಆಮೇಲೆ ಅದು ಆರು ತಿಂಗಳ ಸೆರೆಗೆ ಇಳಿಯಿತು. ನಮ್ಮಲ್ಲೂ ಕಾನೂನು ಓದುವವರು ಈ ಕೇಸು ಓದದೆ ಮುಂದೆ ಹೋಗುವಂತಿಲ್ಲ. ಆಗಿನ ದಂಡಸಂಹಿತೆಯ 81ನೇ ಕಲಮಿನಲ್ಲಿ ಉದಾಹರಣೆಗೆ ಬರುವವನೂ ಒಬ್ಬ ಹಡಗಿನ ಕ್ಯಾಪ್ಟನ್ನೇ ಎಂದು ಮಾವ ಹೇಳತೊಡಗಿದಾಗ, ಕಲಮು ಯಾರಿಗೆ ಬೇಕಿತ್ತು, ನಾವು ಆಕಳಿಸಿದೆವು.

ಅಜ್ಜಿ ಕತೆ ಪೂರ್ತಿ ಕೇಳಿಲ್ಲವೆಂದುಕೊಂಡಿದ್ದೆವು. ಮರುದಿನ ಮಾವನ ಮುಂದೆ ಕಾಫಿ ಲೋಟ ಇಡುತ್ತಾ ಕೇಳಿದರು, "ಆ ಮೂರನೆಯವನಿಗೆ ಎಂಥ ಶಿಕ್ಷೆ ಆಯ್ತು?"

"ಬ್ರೂಕ್ಸ್‌ಗಾ? ಅವನ ಮೇಲೆ ಕೇಸೇ ಇಲ್ಲಮ್ಮ. ಸರ್ಕಾರದ ಕಡೆ ಸಾಕ್ಷಿ ಹೇಳಿದ."

"ತಿಂದಿದ್ನಲ್ಲ?"

"ತಿಂದಿದ್ದ."

"ಹುಡುಗನ ಕಡೆಯವರು ಯಾರೂ ಇರ್ಲಿಲ್ವಾ?"

"ಅಪ್ಪ ಅಮ್ಮ ಇರ್ಲಿಲ್ಲ. ಅಣ್ಣ ಕೋರ್ಟಿಗೆ ಬಂದಿದ್ದ. ಬಂದು ಡಡ್ಲಿಯ ಕೈ ಕುಲುಕಿದ."

"ಹೋಗೋ, ಅದೊಂದು ಸುಳ್ಳು" ಎಂದರು ಅಜ್ಜಿ.